ಕಾವಿನ ಮೊಟ್ಟೆಗೆ ಬೆಳಕು ಬೇಕೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಊರುಕೋಳಿ ಸಾಕುವ ಮನೆಗಳಲ್ಲಿ ಈಗ ಎರಡು ಬಗೆಯ ಕಾವು ನಡೆಯುತ್ತದೆ. ಒಂದು ಹಳೆಯದು. ಕೊಟ್ಟಿಗೆಯ ಮೂಲೆಯಲ್ಲೋ ಹಿತ್ತಲ ಮಾಡಿನ ಕೆಳಗೋ ಬುಟ್ಟಿ ಇಟ್ಟು, ಹುಲ್ಲು ಹಾಸಿ, ಕಾವಿಗೆ ಬಂದ ಹೇಂಟೆಯನ್ನು ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ ಕೂರಿಸುವುದು. ಇನ್ನೊಂದು ಹೊಸದು. ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಮಷಿನ್, ಇಲ್ಲವೇ ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು, ಫ್ಯಾನು, ಥರ್ಮೋಸ್ಟಾಟ್ ಕೂರಿಸಿ ಮನೆಯ ಹುಡುಗರೇ ಮಾಡಿಕೊಂಡ ಇನ್‌ಕ್ಯುಬೇಟರ್. ಮಷಿನ್ ಕೊಂಡವರು ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ: ಶಾಖ ಎಷ್ಟಿರಬೇಕು, ತೇವ ಎಷ್ಟು, ದಿನಕ್ಕೆ ಎಷ್ಟು ಸಲ ತಿರುಗಿಸಬೇಕು, ಕರೆಂಟು ಹೋದರೆ ಏನು ಗತಿ? ಬೆಳಕಿನ ವಿಚಾರ ಯಾರೂ ಎತ್ತುವುದಿಲ್ಲ. ಮೊಟ್ಟೆಯೊಳಗೆ ಹೇಗೂ ಕತ್ತಲೆ, ಒಡೆದು ಹೊರಬಂದ ಮೇಲೆ ತಾನೇ ಮರಿಗೆ ಬೆಳಕು ಎಂಬ ಎಣಿಕೆ.

ಆ ಎಣಿಕೆ ತಪ್ಪೆನ್ನಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಕಾವಿಗಿಟ್ಟ ಏಳೆಂಟನೇ ದಿನ ರಾತ್ರಿ ಮೊಟ್ಟೆಯನ್ನು ಟಾರ್ಚಿಗೆ ಹಿಡಿದು ಜೊಳ್ಳು ಯಾವುದು, ಕಟ್ಟಿದ್ದು ಯಾವುದು ಎಂದು ನಾವು ನೋಡುತ್ತೇವಲ್ಲ. ಕೆಂಪು ನರಗಳ ಬಲೆ ನಮಗೆ ಕಾಣಬೇಕಾದರೆ ಬೆಳಕು ಚಿಪ್ಪನ್ನು ದಾಟಿ ಒಳಗೆ ಹೋಗಿರಲೇಬೇಕು. ಬಿಳಿ ಚಿಪ್ಪು ಹೆಚ್ಚು ಬೆಳಕು ಬಿಡುತ್ತದೆ, ಕಂದು ಚಿಪ್ಪು ಕಡಿಮೆ. ಊರುಕೋಳಿಯ ತೆಳುಗಂದು ಮೊಟ್ಟೆ ಇವೆರಡರ ನಡುವಿನದು. ಅಂತೂ ಒಳಗಿರುವುದು ಮಸುಕು ಬೆಳಕು, ಕಾರ್ಗತ್ತಲೆಯಲ್ಲ. ಕೊನೆಯ ಮೂರು ನಾಲ್ಕು ದಿನಗಳಲ್ಲಿ ಆ ಮಸುಕು ಬೆಳಕು ಮರಿಯ ಮೆದುಳಿನಲ್ಲಿ ಕೆಲಸ ಹಂಚುತ್ತದೆ ಎಂಬುದು ನಲವತ್ತು ವರ್ಷಗಳಿಂದ ಮತ್ತೆ ಮತ್ತೆ ಪರೀಕ್ಷೆಯಾಗಿರುವ ಸಂಗತಿ.

ಇದು ತಿಳಿಯಲು ಮೊಟ್ಟೆಯೊಳಗೆ ಮರಿ ಹೇಗೆ ಮಲಗಿರುತ್ತದೆ ಎಂದು ನೋಡಬೇಕು. ಕೋಳಿಮೊಟ್ಟೆಗೆ 21 ದಿನ ಕಾವು. 17–18ನೇ ದಿನದ ಹೊತ್ತಿಗೆ ಒಳಗೆ ಜಾಗ ಸಾಲದೆ ಮರಿ ಮುದುಡಿಕೊಂಡು, ಮೊಟ್ಟೆಯ ದಪ್ಪ ತುದಿಯ ಗಾಳಿಗೂಡಿನ ಕಡೆ ತಲೆ ಮಾಡಿರುತ್ತದೆ. ತಲೆ ಬಲರೆಕ್ಕೆಯ ಅಡಿಗೆ ತಿರುಗಿರುತ್ತದೆ. ಹೀಗೆ ತಿರುಗಿದಾಗ ಎಡಗಣ್ಣು ಮೈಗೆ ಒತ್ತಿಕೊಂಡು ಮುಚ್ಚಿಹೋಗುತ್ತದೆ, ಬಲಗಣ್ಣು ಚಿಪ್ಪಿನ ಕಡೆ ಉಳಿಯುತ್ತದೆ. ಬುಟ್ಟಿಯಲ್ಲಿರಲಿ, ಮಷಿನ್ನಿನಲ್ಲಿರಲಿ, ಸರಿಯಾಗಿ ಕೂತ ಮರಿಗಳೆಲ್ಲದರ ಭಂಗಿಯೂ ಇದೇ. ಚಿಪ್ಪಿನ ಮೂಲಕ ಬರುವ ಬೆಳಕಷ್ಟೂ ಬಲಗಣ್ಣಿಗೆ ದಕ್ಕುತ್ತದೆ, ಎಡಗಣ್ಣಿಗೆ ಬಹುಪಾಲು ಇಲ್ಲ. ಕಣ್ಣಿನಿಂದ ಮೆದುಳಿಗೆ ಹೋಗುವ ದಾರಿಗಳು ಕೆಲಸ ಶುರುಮಾಡುವುದೂ ಸರಿಸುಮಾರು ಇದೇ ದಿನಗಳಲ್ಲಿ. ಹಕ್ಕಿಗಳಲ್ಲಿ ಕಣ್ಣಿನ ನರ ಹೆಚ್ಚುಕಡಿಮೆ ಪೂರ್ತಿಯಾಗಿ ಎದುರುಬದಿಗೆ ದಾಟುತ್ತದೆ. ಬಲಗಣ್ಣು ಕಂಡದ್ದು ಎಡಮೆದುಳಿಗೆ, ಎಡಗಣ್ಣು ಕಂಡದ್ದು ಬಲಮೆದುಳಿಗೆ. ನಮ್ಮಲ್ಲಿ ಮೆದುಳಿನ ಎರಡು ಪಾಲುಗಳನ್ನು ಬೆಸೆಯುವ ದಪ್ಪ ನರಸೇತುವೆ ಇದೆ. ಹಕ್ಕಿಗಳಿಗೆ ಅದು ಇಲ್ಲ.

ಆಸ್ಟ್ರೇಲಿಯಾದ ವಿಜ್ಞಾನಿ ಲೆಸ್ಲಿ ರೋಜರ್ಸ್ 1982ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಈ ವಿಷಯಕ್ಕೆ ಬುನಾದಿ. ಕೋಳಿಮರಿಯ ಎರಡು ಕಣ್ಣು ಎರಡು ಬೇರೆ ಕೆಲಸ ಮಾಡುತ್ತವೆ ಎಂಬುದು ಅದಕ್ಕೂ ಮೊದಲೇ ಕಂಡುಬಂದಿತ್ತು. ಬಲಗಣ್ಣಿನಿಂದ ನೋಡುವಾಗ ಮರಿ ಕಾಳು ಯಾವುದು, ಹರಳು ಯಾವುದು ಎಂದು ಬೇಗ ಬೇರೆಮಾಡುತ್ತದೆ. ಎಡಗಣ್ಣಿನಿಂದ ನೋಡುವಾಗ ಅದೇ ಕೆಲಸದಲ್ಲಿ ತಡವರಿಸುತ್ತದೆ. ಆದರೆ ಹೊಸದೇನಾದರೂ ಎದುರಾದಾಗ, ಅಪಾಯ ಸುಳಿದಾಗ, ಪರಿಚಯದ ಮರಿಯೋ ಅಪರಿಚಿತವೋ ಎಂದು ಗುರುತಿಸಬೇಕಾದಾಗ ಎಡಗಣ್ಣು ಮುಂದು. ಈ ಹಂಚಿಕೆ ಹುಟ್ಟುಗುಣವೇ, ಅಲ್ಲ ಮೊಟ್ಟೆಯೊಳಗೆ ಕಲಿತದ್ದೇ ಎಂಬುದು ಪ್ರಶ್ನೆ. ರೋಜರ್ಸ್ ಕೆಲವು ಮೊಟ್ಟೆಗಳನ್ನು ಪೂರ್ತಿ ಕತ್ತಲಲ್ಲಿ ಕಾವಿಗಿಟ್ಟರು, ಇನ್ನು ಕೆಲವಕ್ಕೆ ಕೊನೆಯ ದಿನಗಳಲ್ಲಿ ಬೆಳಕು ಕೊಟ್ಟರು. ಬೆಳಕು ಕಂಡ ಮೊಟ್ಟೆಯ ಮರಿಗಳಲ್ಲಿ ಹಂಚಿಕೆ ಸ್ಪಷ್ಟವಾಗಿತ್ತು, ಗುಂಪಿನ ಮರಿಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ಕತ್ತಲ ಮರಿಗಳಲ್ಲಿ ಆ ಒಮ್ಮುಖ ಇರಲಿಲ್ಲ. ಇಷ್ಟಕ್ಕೆ ಬೇಕಾದ ಬೆಳಕೂ ಅಲ್ಪವೇ. ದಿನಗಟ್ಟಲೆ ಬೇಕಿಲ್ಲ, ಕೊನೆಯ ಹಂತದಲ್ಲಿ ಕೆಲವು ಗಂಟೆ ಸಿಕ್ಕರೂ ಪರಿಣಾಮ ಕಂಡಿತು.

ಇದು ಬೆಳಕಿನದೇ ಕೆಲಸ, ಬೇರೆ ಯಾವುದೋ ಕಾರಣವಲ್ಲ ಎಂಬುದಕ್ಕೆ ರೋಜರ್ಸ್ 1990ರಲ್ಲಿ ಕೊಟ್ಟ ಪುರಾವೆ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಒಡೆಯಲು ಇನ್ನೇನು ದಿನ ಉಳಿದಿದೆ ಎನ್ನುವಾಗ ಮೊಟ್ಟೆಯ ದಪ್ಪ ತುದಿ ಬಿಡಿಸಿ, ಮರಿಯ ತಲೆಯನ್ನಷ್ಟೇ ಮೆಲ್ಲನೆ ಹೊರಗೆಳೆದು, ಬಲಗಣ್ಣಿಗೆ ಪಟ್ಟಿ ಕಟ್ಟಿ, ಎಡಗಣ್ಣಿಗೆ ಬೆಳಕು ತೋರಿಸಿದರು. ಹುಟ್ಟಿದ ಮೇಲೆ ಆ ಮರಿಗಳಲ್ಲಿ ಕೆಲಸ ತಿರುವುಮುರುವಾಗಿತ್ತು. ಕಾಳು ಆರಿಸುವುದರಲ್ಲಿ ಎಡಗಣ್ಣು ಮುಂದಾಗಿತ್ತು. ಯಾವ ಕಣ್ಣು ಮೊದಲು ಬೆಳಕು ಕಂಡಿತೋ ಅದಕ್ಕೆ ಕಾಳಿನ ಕೆಲಸ. ಮೆದುಳಿನೊಳಗೂ ಇದರ ಗುರುತು ಇದೆ. ಬೆಳಕು ಕಂಡ ಕಣ್ಣಿನ ಕಡೆಯಿಂದ ಹೊರಟ ನರತಂತುಗಳು ಮೇಲ್ಮೆದುಳಿನಲ್ಲಿ ಹೆಚ್ಚು ವಿಸ್ತಾರವಾಗಿ ಹರಡಿರುತ್ತವೆ. ಕೋಳಿಮರಿಯಲ್ಲಿ ಈ ತಂತುಗಳ ಏರುಪೇರು ಸುಮಾರು ಮೂರು ವಾರಕ್ಕೆ ಸಮವಾಗುತ್ತದೆ.

ಮೂರು ವಾರ ಎಂದರೆ ನಮ್ಮ ಅಂಗಳದ ಲೆಕ್ಕದಲ್ಲಿ ಚಿಕ್ಕ ಅವಧಿಯಲ್ಲ. ಹದ್ದು, ಬಿಜ್ಜು, ಕಾಗೆ, ಕೆಂಬೂತಕ್ಕೆ ಮರಿ ಹೋಗುವುದು ಹೆಚ್ಚಾಗಿ ಈ ಅವಧಿಯಲ್ಲೇ. ಪಂಜರದ ಕೋಳಿಗೆ ಈ ವಿದ್ಯೆಯಿಂದ ಏನು ಉಪಯೋಗವೋ ನಾನರಿಯೆ. ಅದರ ಎದುರು ಫೀಡಿನ ತಟ್ಟೆ ಇದೆ, ಹರಳು ಆರಿಸುವ ಪ್ರಮೇಯವಿಲ್ಲ, ತಲೆಯ ಮೇಲೆ ತಗಡಿದೆ, ಹದ್ದಿನ ಭಯವಿಲ್ಲ. ಕೊಟ್ಟಿಗೆಯ ಹಿಂದೆ ಗೊಬ್ಬರಗುಂಡಿ ಕೆದಕುತ್ತ, ಸೊಪ್ಪಿನ ಬೆಟ್ಟದ ದರಕಿನಲ್ಲಿ ಗೆದ್ದಲು ಹುಡುಕುತ್ತ ಬೆಳೆಯುವ ಮರಿಯ ಕತೆ ಬೇರೆ. ಕೆಮ್ಮಣ್ಣಿನ ಹರಳಿನ ನಡುವೆ ನುಚ್ಚು, ಹುಳು, ಬೀಜ ಹೆಕ್ಕಬೇಕು, ಹೆಕ್ಕುವಾಗಲೇ ಆಕಾಶದ ಮೇಲೂ ಕಣ್ಣಿರಬೇಕು.

ಈ ಎರಡು ಕೆಲಸ ಒಟ್ಟಿಗೆ ಬಂದಾಗ ಏನಾಗುತ್ತದೆ ಎಂಬುದನ್ನೇ ರೋಜರ್ಸ್, ಇಟಲಿಯ ಪಾವೊಲೊ ಜುಕ್ಕಾ ಮತ್ತು ಜಾರ್ಜೊ ವಲ್ಲೊರ್ತಿಗಾರಾ ಅವರೊಂದಿಗೆ ಸೇರಿ 2004ರಲ್ಲಿ ನೋಡಿದರು. ನೆಲಕ್ಕೆ ಅಂಟಿಸಿದ ಸಣ್ಣ ಹರಳುಗಳ ನಡುವೆ ಕಾಳು ಚೆಲ್ಲಿ ಮರಿಗಳನ್ನು ಬಿಟ್ಟರು. ಮೇಲೆ ಗಿಡುಗದ ಆಕಾರವೊಂದು ಹಾದುಹೋಗುವಂತೆ ಮಾಡಿದರು. ಬೆಳಕಿನಲ್ಲಿ ಕಾವಾದ ಮರಿಗಳು ಹೆಕ್ಕುವುದನ್ನೂ ಬಿಡಲಿಲ್ಲ, ಗಿಡುಗವನ್ನೂ ಗಮನಿಸಿದವು. ಕತ್ತಲಲ್ಲಿ ಕಾವಾದವು ಎರಡರಲ್ಲೂ ಸೋತವು. ಆಟ ಮುಂದುವರಿದಂತೆ ಅವು ಸುಧಾರಿಸುವ ಬದಲು ಇನ್ನಷ್ಟು ಗೊಂದಲಕ್ಕೆ ಬಿದ್ದು ಹರಳನ್ನೇ ಹೆಚ್ಚು ಕುಟುಕತೊಡಗಿದವು. ಗಿಡುಗವಿಲ್ಲದೆ ಬರೀ ಕಾಳು ಆರಿಸುವ ಕೆಲಸವಾದರೆ ಇಷ್ಟು ಅಂತರ ಬರುತ್ತಿರಲಿಲ್ಲ. ಒಬ್ಬರು ಅಂಗಳದಲ್ಲಿ ಅಡಿಕೆ ಆರಿಸುವಾಗ ಇನ್ನೊಬ್ಬರು ತೋಟದ ಅಂಚಿನಲ್ಲಿ ಮಂಗ ಕಾಯುವ ಹಾಗೆ ಈ ಏರ್ಪಾಡು. ಇಬ್ಬರೂ ಎರಡೂ ಕೆಲಸಕ್ಕೆ ಕೈಹಾಕಿದರೆ ಯಾವುದೂ ನೆಟ್ಟಗಾಗದು.

ಮನೆಯಂಗಳದಲ್ಲೇ ಇದನ್ನು ಸ್ವಲ್ಪ ಮಟ್ಟಿಗೆ ಕಾಣಬಹುದು. ಮೇಲೆ ಹದ್ದು ಸುತ್ತುವಾಗ ಹುಂಜ ತಲೆ ವಾರೆಮಾಡಿ ಒಂದೇ ಕಣ್ಣಿನಿಂದ ಆಕಾಶ ನೋಡುತ್ತದೆ. ಯಾವ ಕಣ್ಣು ಎಂದು ಗಮನಿಸುತ್ತ ಹೋದರೆ ಎಡಗಣ್ಣಿನ ಸರದಿ ಹೆಚ್ಚಿರುವುದು ಗೊತ್ತಾಗುತ್ತದೆ. ಮೇಲಿನಿಂದ ಬರುವ ಶತ್ರುವಿಗೆ ಒಂದು ಕೂಗು, ನೆಲದ ಮೇಲೆ ಬರುವ ಬೆಕ್ಕು ಮುಂಗುಸಿಗೆ ಇನ್ನೊಂದು ಕೂಗು ಎಂಬುದು ಕೋಳಿ ಸಾಕಿದವರಿಗೆ ಹೇಳಿಕೊಡಬೇಕಾದ ಮಾತಲ್ಲ. ಮೊದಲನೆಯ ಕೂಗಿಗೆ ಮರಿಗಳು ತಟ್ಟನೆ ಪೊದೆ ಸೇರುತ್ತವೆ, ಎರಡನೆಯದಕ್ಕೆ ಕತ್ತು ನೀಳಮಾಡಿ ನಿಲ್ಲುತ್ತವೆ.

ಹಾಗಾದರೆ ತಾಯಿಕೋಳಿ ಕೂತ ಮೊಟ್ಟೆಗೆ ಬೆಳಕು ಎಲ್ಲಿಂದ? ಅದರ ಹೊಟ್ಟೆಯಡಿ ಕತ್ತಲೆಯೇ. ಆದರೆ ಕಾವಿನ ಹೇಂಟೆ ಕಲ್ಲಿನಂತೆ ಕೂತಿರುವುದಿಲ್ಲ. ದಿನಕ್ಕೆ ಒಮ್ಮೆಯಾದರೂ ಎದ್ದು, ಹಿಕ್ಕೆ ಹಾಕಿ, ನಾಲ್ಕು ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ ಬರುತ್ತದೆ. ಅಷ್ಟು ಹೊತ್ತು ಮೊಟ್ಟೆಗಳು ತೆರೆದೇ ಇರುತ್ತವೆ. ಕೂತಿರುವಾಗಲೂ ಆಗಾಗ ಮೈಯೆತ್ತಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತದೆ, ಅಂಚಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಈ ಚೂರುಪಾರು ಬೆಳಕು ಕೂಡುತ್ತ ಕೂಡುತ್ತ ಮರಿಯ ಅಗತ್ಯ ಪೂರೈಸುತ್ತದೆ. ತಾಯಿ ಇದ್ದಲ್ಲಿ ನಾವು ಮಾಡಬೇಕಾದ್ದು ಬಹಳ ಕಡಿಮೆ. ಮಷಿನ್ ಬಂದಾಗ ತಾಯಿಯ ಶಾಖವನ್ನು ನಕಲು ಮಾಡಿದೆವು, ಹೊರಳಿಸುವುದನ್ನು ನಕಲು ಮಾಡಿದೆವು, ಅದು ಎದ್ದುಹೋಗುತ್ತಿದ್ದುದನ್ನು ಬಿಟ್ಟುಬಿಟ್ಟೆವು.

ಮೊದಲು ಬುಟ್ಟಿಯ ಕಾವಿನ ವಿಚಾರ. ಹೇಂಟೆಗೆ ಮರೆ ಬೇಕು, ಕಾರ್ಗತ್ತಲೆ ಬೇಕಿಲ್ಲ. ಬೆಳಕಿಂಡಿಯೇ ಇಲ್ಲದ ಅಟ್ಟದ ಮೂಲೆ, ಮುಚ್ಚಳ ಹಾಕಿದ ಪೆಟ್ಟಿಗೆ, ಗೋಣಿ ಇಳಿಬಿಟ್ಟ ಗೂಡು ಇವನ್ನು ಬಿಟ್ಟು, ಹಗಲು ಹೊತ್ತಿನಲ್ಲಿ ಬುಟ್ಟಿಯೊಳಗಿನ ಮೊಟ್ಟೆ ನಮ್ಮ ಕಣ್ಣಿಗೆ ಕಾಣುವಷ್ಟು ಬೆಳಕಿರುವ ಜಾಗ ಹುಡುಕಿ. ಜೋರು ಮಳೆಯ ಆಷಾಢ ಶ್ರಾವಣದಲ್ಲಿ ನಮ್ಮ ಕೊಟ್ಟಿಗೆಗಳೊಳಗೆ ಮಧ್ಯಾಹ್ನವೂ ಸಂಜೆಯಂತಿರುತ್ತದೆ. ಆ ತಿಂಗಳುಗಳಲ್ಲಿ ಮರಿ ಮಾಡಿಸುವವರು ಒಂದು ಗಾಜಿನ ಹೆಂಚು ಇರುವ ಕಡೆ ಬುಟ್ಟಿ ಇಟ್ಟರೆ ಸಾಕು. ಅನ್ನ ನೀರನ್ನು ಬುಟ್ಟಿಯೊಳಗೇ ಕೊಡುವ ರೂಢಿ ಕೆಲವರಲ್ಲಿದೆ, ಕೋಳಿ ಏಳದಿರಲಿ ಎಂದು. ಅದು ಬೇಡ. ನಾಲ್ಕು ಹೆಜ್ಜೆ ಆಚೆ ಇಡಿ, ತಾನೇ ಎದ್ದು ಬರಲಿ. ಹಾಗೆಂದು ಬೆಳಕು ಕೊಡುವ ಉತ್ಸಾಹದಲ್ಲಿ 18ನೇ ದಿನದ ನಂತರ ಕೋಳಿಯನ್ನು ಎತ್ತಿ ಎತ್ತಿ ನೋಡಬಾರದು. ಆ ದಿನಗಳಲ್ಲಿ ಅದು ಗಟ್ಟಿಯಾಗಿ ಕೂರುತ್ತದೆ. ಬಲವಂತಕ್ಕೆ ಎಬ್ಬಿಸಿದರೆ ಗಾಬರಿಯಲ್ಲಿ ಮೊಟ್ಟೆ ತುಳಿಯುತ್ತದೆ, ಒಳಗಿನ ತೇವವೂ ಹೋಗುತ್ತದೆ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುವವರು ಇಟ್ಟುಕೊಳ್ಳಲಿ, ಅದರಿಂದ ಬೆಳಕಿಗೇನೂ ಅಡ್ಡಿಯಿಲ್ಲ.

ಮಷಿನ್ ಇಟ್ಟವರ ಕೆಲಸ ಹೆಚ್ಚು. ನಿಮ್ಮದು ಯಾವ ಬಗೆಯದೆಂದು ಮೊದಲು ನೋಡಿಕೊಳ್ಳಿ. ಪಾರದರ್ಶಕ ಮುಚ್ಚಳದ ಸಣ್ಣ ಮಷಿನ್ ಕೋಣೆಯ ಕಿಟಕಿಯ ಪಕ್ಕದಲ್ಲಿದ್ದರೆ ಹಗಲಿನ ಬೆಳಕು ಅದಕ್ಕೆ ತಾನಾಗಿ ಸಿಗುತ್ತದೆ, ನೀವೇನೂ ಮಾಡಬೇಕಿಲ್ಲ. ಹೀಟರ್ ಕಾಯಿಲ್ ಹಾಕಿದ, ಗಾಜಿಲ್ಲದ ಥರ್ಮೋಕೋಲ್ ಪೆಟ್ಟಿಗೆ ಪೂರ್ತಿ ಕತ್ತಲೆ. ಬಲ್ಬಿನಿಂದಲೇ ಶಾಖ ಕೊಡುವ ಪೆಟ್ಟಿಗೆಯದು ಮೂರನೆಯ ಪ್ರಕರಣ: ಅಲ್ಲಿ ಬೆಳಕಿದೆ, ಆದರೆ ಹಗಲು ರಾತ್ರಿ ಎನ್ನದೆ ಥರ್ಮೋಸ್ಟಾಟ್ ಹೇಳಿದಾಗಲೆಲ್ಲ ಹತ್ತಿ ಆರುತ್ತದೆ.

ಈ ಮೂರನೆಯದು ಸರಿಯಲ್ಲ ಎನ್ನಲು ಕಾರಣವಿದೆ. ಹಗಲು ರಾತ್ರಿಯ ಲೆಕ್ಕ ಇಡುವ ಮೆಲಟೋನಿನ್ ಎಂಬ ರಸ ಕೋಳಿಮರಿಯಲ್ಲಿ ಮೊಟ್ಟೆಯೊಳಗಿರುವಾಗಲೇ, ಕಾವಿನ ಕೊನೆಯ ವಾರದ ಹೊತ್ತಿಗೆ, ಏರಿಳಿಯಲು ಶುರುವಾಗುತ್ತದೆ. ಬೆಳಕು ಕತ್ತಲೆ ಸರದಿಯಂತೆ ಬಂದರೆ ಆ ಏರಿಳಿತಕ್ಕೆ ತಾಳ ಸಿಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಚರ್ ಮತ್ತು ಮೆಂಚ್ ಮಾಂಸದ ಕೋಳಿಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಕಾವಿನ ಕಾಲಕ್ಕೆ 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಕಂಡ ಮರಿಗಳು ಮುಂದೆ ಬೆದರುವುದು ಕಡಿಮೆಯಾಗಿತ್ತು. ಆದ್ದರಿಂದ ಶಾಖದ ಬಲ್ಬಿಗೆ ತಗಡಿನ ಡಬ್ಬಿಯ ಮರೆ ಮಾಡಿ ಅದರ ಬೆಳಕು ಮೊಟ್ಟೆಗೆ ಬೀಳದಂತೆ ನೋಡಿಕೊಂಡು, ಬೆಳಕಿಗೆ ಬೇರೆಯದೇ ದೀಪ ಇಡುವುದು ಒಳ್ಳೆಯದು. ಡಬ್ಬಿಗೆ ಬದಿಯಲ್ಲಿ ತೂತುಗಳಿರಲಿ, ಬಿಸಿಗಾಳಿ ಹೊರಬರಬೇಕು. ಮರೆ ಮಾಡಿದ ಮೇಲೆ ಒಂದು ದಿನ ಮೊಟ್ಟೆ ಇಡದೆ ಖಾಲಿ ಓಡಿಸಿ ಶಾಖ ನೋಡಿ.

ದೀಪ ಎಂದರೆ ಏನೂ ದೊಡ್ಡದಲ್ಲ. ಮೂರರಿಂದ ಐದು ವಾಟಿನ ಬಿಳಿ ಎಲ್‌ಇಡಿ ಸಾಕು. ಪೆಟ್ಟಿಗೆಯ ಮುಚ್ಚಳದಲ್ಲಿ ಅಂಗೈಯಗಲದ ಕಿಂಡಿ ಕೊಯ್ದು, ಗಾಜು ಅಂಟಿಸಿ, ಎಲ್‌ಇಡಿಯನ್ನು ಹೊರಗಡೆ ಇಡಿ. ಒಳಗೆ ಇಟ್ಟರೆ ಅದರ ಅಡಾಪ್ಟರಿನ ಬಿಸಿಯೂ ಸೇರಿ ಲೆಕ್ಕ ತಪ್ಪುತ್ತದೆ. ಹಳೆಯ ಕಾಲದ ಬಿಸಿ ಬಲ್ಬನ್ನು ಬೆಳಕಿಗೆಂದು ಸೇರಿಸಲೇಬೇಡಿ. ಬೆಳಿಗ್ಗೆ ಆರಕ್ಕೆ ಹಚ್ಚಿ ಸಂಜೆ ಆರಕ್ಕೆ ಆರಿಸಿ. ಮರೆಯುವವರು ಹತ್ತಿಸಿ ಆರಿಸುವ ಟೈಮರ್ ಪ್ಲಗ್ ಕೊಂಡರಾಯಿತು. ಹಸಿರು ಬೆಳಕು ಒಳ್ಳೆಯದಂತೆ ಎಂದು ಕೇಳಿದವರಿರಬಹುದು. ಇಸ್ರೇಲಿನಲ್ಲಿ ಕಾವಿನ ಮೊಟ್ಟೆಗೆ ಹಸಿರು ಬೆಳಕು ಕೊಟ್ಟು ಮಾಂಸದ ಬೆಳವಣಿಗೆ ಹೆಚ್ಚಿಸುವ ಪ್ರಯೋಗಗಳು ನಡೆದಿವೆ. ಅದು ಬ್ರಾಯ್ಲರ್ ಉದ್ಯಮದ ತಲೆನೋವು. ಅಂಗಳದ ಕೋಳಿಗೆ ಸಾದಾ ಬಿಳಿ ಬೆಳಕೇ ಸರಿ.

ಯಾವ ದಿನದಿಂದ? ಸಾಧ್ಯವಾದರೆ ಮೊದಲ ದಿನದಿಂದ. ಕೊನೆಯ ದಿನಗಳ ಬೆಳಕೇ ಮುಖ್ಯ ಎಂದು ಬಹುಕಾಲ ಅಂದುಕೊಂಡಿದ್ದರೂ, ಕಣ್ಣು ಮೂಡುವ ಮುನ್ನ, ಮೊದಲ ಮೂರು ದಿನ ಮಾತ್ರ ಬೆಳಕು ಕಂಡ ಮೊಟ್ಟೆಗಳ ಮರಿಗಳಲ್ಲೂ ಎಡಬಲದ ಹಂಚಿಕೆ ಮೂಡುತ್ತದೆ ಎಂದು ಚಿಂಝಿಯಾ ಕ್ಯಾಂಡೆಟ್ಟಿ, ವಲ್ಲೊರ್ತಿಗಾರಾ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಬೆಳಕು ಅಲ್ಲಿ ಕಣ್ಣಿನ ದಾರಿ ಹಿಡಿಯುವುದಿಲ್ಲ, ಜೀವಕೋಶದೊಳಗಿನ ವಂಶವಾಹಿಗಳ ಮಟ್ಟದಲ್ಲೇ ಏನೋ ಚಾಲೂ ಆಗುತ್ತದೆ ಎಂಬುದು ಅವರ ಅನುಮಾನ. ಈಗಾಗಲೇ ಅರ್ಧ ಕಾವು ಮುಗಿದಿದ್ದರೆ ಚಿಂತೆ ಬೇಡ, 18ನೇ ದಿನದಿಂದ ಒಡೆಯುವವರೆಗೆ ಹಗಲಿನ ಬೆಳಕು ತಪ್ಪದಿರಲಿ.

ಬೆಳಕಿನ ಹಿಂದೆ ಬಿದ್ದು ಶಾಖ ಮರೆತರೆ ಮರಿಯೇ ಇರುವುದಿಲ್ಲ. ಫ್ಯಾನ್ ಇರುವ ಮಷಿನ್ನಿನಲ್ಲಿ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್, ಥರ್ಮಾಮೀಟರ್ ಮೊಟ್ಟೆಯ ಮಟ್ಟದಲ್ಲೇ ಇರಬೇಕು. ತೇವ 18 ದಿನದವರೆಗೆ ನೂರಕ್ಕೆ 50ರಿಂದ 60, ಆಮೇಲೆ 65ರಿಂದ 75. 18ನೇ ದಿನ ತಿರುಗಿಸುವುದು ನಿಲ್ಲಿಸಿ. ನಮ್ಮ ಕಡೆ ಮಳೆಗಾಲದ ಗಾಳಿಯಲ್ಲೇ ಎಷ್ಟು ತೇವ ಇರುತ್ತದೆಂದರೆ, ಜುಲೈನಲ್ಲಿ ನೀರಿನ ತಟ್ಟೆ ತುಂಬಿಸುವ ಮೊದಲು ತೇವದ ಮೀಟರ್ ನೋಡಲೇಬೇಕು. ಪಾರದರ್ಶಕ ಮುಚ್ಚಳದ ಮಷಿನ್ನಿಗೆ ನೇರ ಬಿಸಿಲು ಬೀಳಬಾರದು, ಒಳಗೆ ಶಾಖ ಸಿಕ್ಕಿಕೊಂಡು ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆ ಬೇಯುತ್ತದೆ. ಉತ್ತರದ ಕಿಟಕಿ ಎಲ್ಲಕ್ಕಿಂತ ಕ್ಷೇಮ. ಕರೆಂಟು ಹೋದಾಗ ಕಂಬಳಿ ಹೊದೆಸಿ, ಬೆಳಕಿನ ಮಾತು ಆಮೇಲೆ. ಕೆಲವು ಗಂಟೆ ಕತ್ತಲಾದರೆ ನಷ್ಟವಿಲ್ಲ, ತಣ್ಣಗಾದರೆ ನಷ್ಟ.

ಚಿಪ್ಪು ಬಿರಿಯುವಾಗ ಮುಚ್ಚಳ ತೆಗೆದು ಇಣುಕುವ ಚಪಲ ಎಲ್ಲರಿಗೂ ಇರುತ್ತದೆ. ಕಿಂಡಿಯ ಗಾಜು ಇರುವುದು ಅದಕ್ಕೂ ಒದಗಿತು. ಮುಚ್ಚಳ ತೆಗೆದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಇನ್ನು, ಬೆಳಕು ಬೀಳಲೆಂದು ಚಿಪ್ಪನ್ನು ನಾವೇ ಸುಲಿಯುವ ಬುದ್ಧಿವಂತಿಕೆಯಂತೂ ಬೇಡವೇ ಬೇಡ. ಅಮೆರಿಕದ ರಾಬರ್ಟ್ ಲಿಕ್‌ಲೈಟರ್ 1990ರಲ್ಲಿ ಬಾಬ್‌ವೈಟ್ ಎಂಬ ಲಾವುಗೆ ಜಾತಿಯ ಹಕ್ಕಿಯ ಮೊಟ್ಟೆಗಳ ತುದಿ ಬಿಡಿಸಿ, ಒಡೆಯುವ ಮೊದಲೇ ಮರಿಯ ಕಣ್ಣಿಗೆ ಬೆಳಕಿನ ಆಟ ತೋರಿಸಿದರು. ಆ ಮರಿಗಳಲ್ಲಿ ತಾಯಿಯ ಕೂಗಿಗೆ ಓಗೊಡುವ ಕ್ರಮವೇ ಬದಲಾಯಿತು. ಕೂಗೊಂದೇ ಸಾಕಾಗದೆ, ತಾಯಿಯ ಆಕಾರವೂ ಕಣ್ಣಿಗೆ ಬೇಕಾಯಿತು. ಮೊಟ್ಟೆಯೊಳಗೆ ಕಿವಿಗೆ ಮೊದಲ ಸರದಿ, ಕಣ್ಣಿಗೆ ಆಮೇಲೆ. ಚಿಪ್ಪು ಸೋಸಿ ಬಿಟ್ಟಷ್ಟು ಬೆಳಕು ಆ ಸರದಿಯನ್ನು ಕೆಡಿಸುವುದಿಲ್ಲ.

ಬೆಳಕು ಕಂಡ ಮರಿ ಎಲ್ಲದರಲ್ಲೂ ಮೇಲು ಎಂದು ಬರೆದರೆ ಅದು ಜಾಹೀರಾತಾಗುತ್ತದೆ. ರೋಜರ್ಸ್ ಮತ್ತು ವರ್ಕ್‌ಮನ್ 1989ರಲ್ಲಿ ಕಂಡಂತೆ ಬೆಳಕಿನ ಮರಿಗಳ ಗುಂಪಿನಲ್ಲಿ ಯಾರು ಮೊದಲು, ಯಾರು ಆಮೇಲೆ ಎಂಬ ಶ್ರೇಣಿ ಹೆಚ್ಚು ಸ್ಥಿರವಾಗಿರುತ್ತದೆ. ಆದರೆ ನೆದರ್ಲೆಂಡ್ಸಿನಲ್ಲಿ ರೀಡ್‌ಸ್ಟ್ರಾ ಮತ್ತು ಗ್ರೂಟ್‌ಹೌಸ್ 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬೆಳಕು ಕಂಡ ಮರಿಗಳೇ ಒಂದರ ಗರಿಯನ್ನೊಂದು ಹೆಚ್ಚು ಕುಕ್ಕಿದವು. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಮರಿ ಬೆಳೆಸುವವರು ಇದನ್ನು ನೆನಪಿಡಬೇಕು. ಜಾಗ ಕೊಡಿ, ಕೆದಕಲು ದರಕು ಕೊಡಿ, ಬ್ರೂಡರಿನ ದೀಪ ಕಣ್ಣು ಕುಕ್ಕುವಂತಿರುವುದು ಬೇಡ. ತಾಯಿಕೋಳಿಯ ಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ಮೊಟ್ಟೆಯಲ್ಲಿ ಕೆಲವು ಹಾರ್ಮೋನುಗಳ ಮಟ್ಟ ಏರಿದರೆ ಬೆಳಕು ಸಿಕ್ಕರೂ ನರತಂತುಗಳ ಹಂಚಿಕೆ ಮೂಡುವುದಿಲ್ಲ ಎಂದು ರೋಜರ್ಸರ ತಂಡ ತೋರಿಸಿದೆ. ನಾಯಿ ಅಟ್ಟುವ, ಹೊಟ್ಟೆಗಿಲ್ಲದ ಹೇಂಟೆಯ ಮೊಟ್ಟೆಗೆ ದೀಪ ಹಚ್ಚಿಟ್ಟು ಕೂರುವ ಬದಲು ಮೊದಲು ಹೇಂಟೆಯನ್ನು ನೋಡಿಕೊಳ್ಳುವುದು ಮೇಲು.

ಕೋಳಿಯಲ್ಲದೆ ಪಾರಿವಾಳದಲ್ಲೂ ಇದೇ ಕತೆ ಇದೆ, ತಿರುವು ಬೇರೆ. ಜರ್ಮನಿಯ ಬೋಹಮ್ ನಗರದಲ್ಲಿ ಓನುರ್ ಗುಂಟುರ್ಕುನ್ ಮತ್ತು ಸಂಗಡಿಗರು ಪಾರಿವಾಳದ ಮೊಟ್ಟೆಗಳನ್ನು ಕತ್ತಲಲ್ಲಿಟ್ಟು ನೋಡಿದಾಗ ಎಡಬಲದ ಹಂಚಿಕೆ ಮೂಡಲಿಲ್ಲ. ಪಾರಿವಾಳದ ಮರಿ ಕಣ್ಣು ಮುಚ್ಚಿಕೊಂಡು, ಗರಿಯಿಲ್ಲದೆ ಹುಟ್ಟುತ್ತದೆ. ಆದರೂ ಮೊಟ್ಟೆಯೊಳಗಿನ ಬೆಳಕು ಅದಕ್ಕೆ ತಟ್ಟುತ್ತದೆ. ಮೆದುಳಿನಲ್ಲಿ ಅದು ಹಿಡಿಯುವ ದಾರಿ ಕೋಳಿಯದಲ್ಲ, ಇನ್ನೊಂದು. ಹಂಚಿಕೆ ಉಳಿಯುವುದೂ ಹೆಚ್ಚು ಕಾಲ.

ಕಾಡಿನತ್ತ ತಿರುಗಿದರೆ ಈ ಮೂರು ತಾಲೂಕುಗಳಲ್ಲೇ ಎರಡು ತುದಿಗಳೂ ಸಿಗುತ್ತವೆ. ಶಿರಸಿ ತಾಲೂಕಿನ ಸೋಂದಾ ಬಳಿಯ ಮುಂಡಿಗೆಕೆರೆಯಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿಗಳು ಮುಂಡಿಗೆ ಪೊದೆಗಳ ಮೇಲೆ ಕಡ್ಡಿಗೂಡು ಕಟ್ಟಿ ಬಯಲಲ್ಲೇ ಮೊಟ್ಟೆ ಇಡುತ್ತವೆ. ಮೋಡ ಕವಿದ ಬೆಳಕಾದರೂ ಬೆಳಕೇ. ಮಂಗಟ್ಟೆ ಹಕ್ಕಿಯದು ಇನ್ನೊಂದು ತುದಿ. ಹೆಣ್ಣು ಹೆಮ್ಮರದ ಪೊಟರೆ ಹೊಕ್ಕು, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಗಿಲನ್ನೇ ಮೆತ್ತಿ ಮುಚ್ಚಿಕೊಂಡು ಕಾವು ಕೂರುತ್ತದೆ. ಪೊಟರೆಯಲ್ಲಿ ಹುಟ್ಟಿದ ಹಕ್ಕಿಗೆ ಎಡಬಲ ಇಲ್ಲವೆಂದು ತೀರ್ಮಾನಿಸಬಾರದು. ಆಸ್ಟ್ರೇಲಿಯಾದ ಕಾಕಟೂ ಗಿಳಿಗಳು ಪೊಟರೆಯ ಕತ್ತಲಲ್ಲೇ ಕಾವಾಗುತ್ತವೆ, ಆದರೂ ಅವುಗಳಲ್ಲಿ ಬಹುಪಾಲು ಎಡಗಾಲಿನಲ್ಲೇ ಕಾಯಿ ಹಿಡಿದು ತಿನ್ನುತ್ತವೆ. ಮೆದುಳು ಹೀಗೆ ಒಂದು ಬದಿಗೆ ವಾಲಲು ಬೆಳಕೊಂದೇ ಕಾರಣವಲ್ಲ. ಕೋಳಿಯಲ್ಲೂ ಕೆಲವು ಹಂಚಿಕೆಗಳು ಕತ್ತಲ ಕಾವಿನಲ್ಲೂ ಉಳಿಯುತ್ತವೆ.

ನಮ್ಮ ಬೆಟ್ಟಗಳ ಕಾಡುಕೋಳಿಯದೂ ನೆಲದ ಗೂಡು, ಸುಮಾರು ಅಷ್ಟೇ ದಿನದ ಕಾವು. ಊರುಕೋಳಿಗೆ ಅದು ದೂರದ್ದಲ್ಲ. ಸಾಕುಕೋಳಿಯ ಹಳದಿ ಕಾಲಿನ ಗುಣ ಈ ಬೂದು ಕಾಡುಕೋಳಿಯಿಂದಲೇ ಬಂದದ್ದೆಂದು 2008ರ ವಂಶವಾಹಿ ಅಧ್ಯಯನ ಹೇಳಿತು. ನಂಟು ಇದೆಯೆಂದು ಬೆಟ್ಟದಲ್ಲಿ ಸಿಕ್ಕ ಕಾಡುಕೋಳಿಯ ಅಥವಾ ಗದ್ದೆಯಂಚಿನ ನವಿಲಿನ ಮೊಟ್ಟೆಯನ್ನು ತಂದು ಹೇಂಟೆಯಡಿ ಇಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆಗೂ ಗೂಡಿಗೂ ಕೈಹಾಕುವುದು ಬೇಟೆಯ ಲೆಕ್ಕಕ್ಕೇ ಸೇರುತ್ತದೆ.

ಹೈಸ್ಕೂಲು ಮಕ್ಕಳಿರುವ ಮನೆಯಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು, ವಿಜ್ಞಾನದ ಮೇಷ್ಟರೂ ಜೊತೆಗಿದ್ದರೆ ಒಳ್ಳೆಯದು. ಒಂದೇ ಹೇಂಟೆಯ, ಇಲ್ಲವೇ ಒಂದೇ ಹಿಂಡಿನ ಮೊಟ್ಟೆಗಳನ್ನು ಎರಡು ಪಾಲು ಮಾಡಿ. ಒಂದೇ ತರಹದ ಎರಡು ಪೆಟ್ಟಿಗೆ, ಶಾಖ ತೇವ ಎರಡಕ್ಕೂ ಒಂದೇ. ಒಂದಕ್ಕೆ ಹಗಲು ಎಲ್‌ಇಡಿ, ಇನ್ನೊಂದರ ಕಿಂಡಿಗೆ ಕಪ್ಪು ರಟ್ಟು. ಕತ್ತಲ ಪೆಟ್ಟಿಗೆಯ ಮೊಟ್ಟೆಯನ್ನು ಟಾರ್ಚಿಗೆ ಹಿಡಿಯುವುದೂ ಬೇಡ. ತಿರುಗಿಸುವುದಿದ್ದರೆ ರಾತ್ರಿ ಕೋಣೆ ಕತ್ತಲು ಮಾಡಿಕೊಂಡು ತಿರುಗಿಸಿ. ಮರಿ ಒಡೆದ ಮೇಲೆ ಕಾಲಿಗೆ ಬೇರೆ ಬೇರೆ ಬಣ್ಣದ ದಾರ ಸಡಿಲವಾಗಿ ಕಟ್ಟಿ, ವಾರಕ್ಕೊಮ್ಮೆ ಬದಲಿಸಿ, ಕಾಲು ದಪ್ಪವಾಗುತ್ತ ಹೋಗುತ್ತದೆ. ಒಂದು ವಾರದ ಮರಿಗಳನ್ನು ಒಂದೊಂದಾಗಿ, ಸ್ವಲ್ಪ ಹಸಿದಿರುವಾಗ, ಸಣ್ಣ ಹರಳುಗಳನ್ನು ಅಂಟಿಸಿದ ಹಲಗೆಯ ಮೇಲೆ ಬಿಟ್ಟು ನುಚ್ಚು ಚೆಲ್ಲಿ. ಬಿಡಿ ಹರಳು ಬೇಡ, ಜಠರದಲ್ಲಿ ಕಾಳು ಅರೆಯಲು ಕೋಳಿ ಬೇಕೆಂದೇ ಹರಳು ನುಂಗುತ್ತದೆ, ಅದನ್ನು ತಪ್ಪೆಂದು ಎಣಿಸಿದಂತಾಗುತ್ತದೆ. ಮೊದಲ ಅರವತ್ತು ಕುಟುಕಿನಲ್ಲಿ ಕಾಳೆಷ್ಟು ಹರಳೆಷ್ಟು ಎಂದು ಮೊಬೈಲಿನಲ್ಲಿ ವಿಡಿಯೋ ಮಾಡಿ ಎಣಿಸಿ. ಎಣಿಸುವವರಿಗೆ ಯಾವ ದಾರ ಯಾವ ಪೆಟ್ಟಿಗೆಯದೆಂದು ಗೊತ್ತಿರಬಾರದು. ಆಮೇಲೆ ಹದ್ದಿನಾಕಾರದ ಕಪ್ಪು ರಟ್ಟನ್ನು ತಂತಿಯ ಮೇಲೆ ಎಳೆದು ಮತ್ತೆ ನೋಡಿ. ನಾಲ್ಕಾರು ಮರಿಗಳಿಂದ ಏನೂ ಸಾಬೀತಾಗುವುದಿಲ್ಲ. ಎರಡು ಮೂರು ಮನೆಯವರು ಸೇರಿ ಲೆಕ್ಕ ಒಟ್ಟುಮಾಡಿದರೆ ನೋಡುವ ಹಾಗಿರುತ್ತದೆ.

ಬೆಳಕಿನ ಮರಿಯಾಗಲಿ, ಕತ್ತಲ ಮರಿಯಾಗಲಿ, ಕೊಕ್ಕರೆ ರೋಗ ಎರಡನ್ನೂ ಬಿಡುವುದಿಲ್ಲ. ಮೊದಲ ವಾರ ಮುಗಿಯುವುದರೊಳಗೆ ಹಾಕಿಸಬೇಕಾದ ಲಸಿಕೆಗೆ ತಾಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ, ಒಂದು ಬಾಟಲಿ ಹಲವು ಮನೆಗೆ ಆಗುವುದರಿಂದ ನೆರೆಹೊರೆಯವರು ಒಂದೇ ದಿನಕ್ಕೆ ಹೊಂದಿಸಿಕೊಂಡರೆ ಅನುಕೂಲ. ಮಷಿನ್ನಿನ ಮರಿಗಳನ್ನು ಅದೇ ಸುಮಾರಿಗೆ ಮರಿ ಮಾಡಿದ ಹೇಂಟೆಗೆ ಒಪ್ಪಿಸುವುದಾದರೆ ಒಡೆದ ಒಂದೆರಡು ದಿನದಲ್ಲೇ ಒಪ್ಪಿಸಿ. ಹಗಲು ಬಿಟ್ಟರೆ ಗುರುತು ಹಿಡಿದು ಕುಕ್ಕುತ್ತದೆ. ರಾತ್ರಿ ದೀಪ ಆರಿಸಿ, ಸದ್ದಿಲ್ಲದೆ ಒಂದೊಂದಾಗಿ ರೆಕ್ಕೆಯಡಿ ತೂರಿಸಿ.